ಮೈನಸ್ ಎಂಟುನೂರ ಎರಡರ ಒಲೆ

ಎಲುಬಿಲ್ಲದ ನಾಲಿಗೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಥಂಡಿರಾಯರ ನಾಲಿಗೆಯ ಮೇಲೆ ಎಲ್ಲ ಮಾತೂ ಸಲೀಸಾಗಿ ಹೊರಳುತ್ತಿತ್ತು, ‘ನನಗೆ ಗೊತ್ತಿಲ್ಲ’ ಎಂಬ ಒಂದು ಮಾತನ್ನು ಬಿಟ್ಟು. ಆ ಒಂದು ಮಾತು ಆಡಿದ್ದರೆ ಅವರು ವಾಸವಿದ್ದ ಕಟ್ಟಡದ ಒಲೆಗಳೆಲ್ಲ ಆರುತ್ತಿರಲಿಲ್ಲ, ಗ್ಯಾಸ್ ಕಂಪನಿಯ ಅಧಿಕಾರಿ ಭಾನುವಾರದ ನಿದ್ದೆ ಕೆಡಿಸಿಕೊಂಡು ಬರುತ್ತಿರಲಿಲ್ಲ. ಆದರೆ ಆಡಲಿಲ್ಲ. ಆಡಿದ್ದರೆ ನಮಗೆ ಕಥೆಯೂ ಇರುತ್ತಿರಲಿಲ್ಲ ಎನ್ನಿ.

ಥಂಡಿರಾಯ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಅಕ್ಕಪಕ್ಕದವರು ಇಟ್ಟದ್ದು. ಮೀನು, ಬಟಾಣಿ, ಐಸ್‌ಕ್ರೀಮು ಇಡುವ ದೊಡ್ಡದೊಂದು ಕೋಲ್ಡ್ ಸ್ಟೋರೇಜಿನಲ್ಲಿ ಅವರು ಸೂಪರ್‌ವೈಸರ್. ಬಾಗಿಲ ಪಕ್ಕದ ಮೀಟರು ಮೈನಸ್ ಹದಿನೆಂಟು ತೋರಿಸುತ್ತಿದೆಯೇ ಎಂದು ನೋಡುವುದು, ತೋರಿಸದಿದ್ದರೆ ಕೈಗೆ ಸಿಕ್ಕವರನ್ನು ಬೈಯುವುದು, ಇದು ಅವರ ಉದ್ಯೋಗ. ಹೊಸಬರು ಕೆಲಸಕ್ಕೆ ಸೇರಿದರೆ ಮೊದಲ ಪಾಠವೇ ಮೈನಸ್ಸಿನದು. ಪ್ಲಸ್ಸನ್ನು ಯಾವ ದಡ್ಡನೂ ಸಂಭಾಳಿಸುತ್ತಾನೆ, ಮೈನಸ್ಸನ್ನು ಹಿಡಿದಿಟ್ಟುಕೊಳ್ಳಲು ಗಂಡೆದೆ ಬೇಕು ಎಂದು ಅವರ ಮತ. ಮನೆಯಲ್ಲೂ ಅಷ್ಟೆ, ಕಾಫಿ ಆರಿದ್ದರೆ ‘ಮೈನಸ್ ಆಗಿದೆ’ ಎನ್ನುತ್ತಿದ್ದರೇ ಹೊರತು ತಣ್ಣಗಾಗಿದೆ ಎಂದವರಲ್ಲ.

ಇಂಥವರ ಮಗಳು ಕೆಮಿಸ್ಟ್ರಿಯಲ್ಲಿ ಒಮ್ಮೆ ಡುಮ್ಕಿ ಹೊಡೆದಿದ್ದಳು. ಸೋಮವಾರ ಮರುಪರೀಕ್ಷೆ. ಪಾಸಾದರೆ ನರ್ಸಿಂಗ್ ಕಾಲೇಜು, ಅಲ್ಲಿ ಸೀಟು ಕಾದಿರಿಸಿದ್ದರು. ಫೇಲಾದರೆ ಅತ್ತೆಯ ಹೊಲಿಗೆ ಅಂಗಡಿ. ಈ ಅತ್ತೆ ಎಂದರೆ ಥಂಡಿರಾಯರ ಅಕ್ಕ. ಹುಡುಗಿಗೆ ಗುಂಡಿ ಹೊಲಿಯಲು ಆಗಲೇ ಒಂದು ಸ್ಟೂಲು ತೆಗೆದಿರಿಸಿ, ಬಂದಾಗಲೆಲ್ಲ ಆ ಸ್ಟೂಲಿನ ಗುಣಗಾನ ಮಾಡಿ ಹೋಗುತ್ತಿದ್ದರು. ಆ ಸ್ಟೂಲಿನ ಹೆಸರು ಕೇಳಿದರೆ ಸಾಕು, ಹುಡುಗಿ ತಟ್ಟೆ ಬಿಟ್ಟು ಏಳುತ್ತಿದ್ದಳು. ಚಿಕ್ಕಂದಿನಿಂದಲೂ ಗೊಂಬೆಗಳಿಗೆ ಬ್ಯಾಂಡೇಜು ಕಟ್ಟಿಯೇ ಬೆಳೆದವಳು ಅವಳು.

ಟ್ಯೂಷನ್ ಮೇಡಂ ಚೆನ್ನಾಗಿಯೇ ಹೇಳಿಕೊಡುತ್ತಿದ್ದರು. ಆದರೆ ಪರೀಕ್ಷೆ ಹತ್ತಿರ ಬಂದಾಗ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದರು. ಸುದ್ದಿ ಬಂದಾಗ ಥಂಡಿರಾಯರು ಕಟ್ಟಡದ ನೆಲಮಹಡಿಯ ಕ್ಷೌರದಂಗಡಿಯಲ್ಲಿ ಮುಖಕ್ಕೆ ನೊರೆ ಬಳಿಸಿಕೊಂಡು ಕೂತಿದ್ದರು. ಕ್ಷೌರಿಕ ಕತ್ತಿ ಎತ್ತಿ, ಇನ್ನು ಹುಡುಗಿಗೆ ಪಾಠ ಯಾರು ಹೇಳುತ್ತಾರೆ ರಾಯರೇ ಎಂದು ಕೇಳಿದ. ಕೇಳಿದ್ದು ತಪ್ಪಲ್ಲ. ಕನ್ನಡಿಯಲ್ಲಿ ಬೆಂಚಿನ ಮೇಲೆ ಕೂತ ಜನರೆಲ್ಲ ಉತ್ತರಕ್ಕೆ ಕಾದು ನೋಡುತ್ತಿದ್ದರಲ್ಲ, ಅದೇ ತಪ್ಪಾಯಿತು. ಅರ್ಧ ಮುಖ ನೊರೆ, ಅರ್ಧ ಮುಖ ನುಣುಪು, ಆ ಸ್ಥಿತಿಯಲ್ಲೇ ಥಂಡಿರಾಯರು ಎದೆ ಸೆಟೆಸಿದರು.

"ಯಾಕೆ, ನಾನು ಸತ್ತಿದೀನಾ? ನಾನೇ ಹೇಳಿಕೊಡ್ತೀನಿ."

ಅವರು ಕೆಮಿಸ್ಟ್ರಿ ಪುಸ್ತಕವನ್ನು ಕೊನೆಯ ಸಲ ಮುಟ್ಟಿದ್ದು ಅದನ್ನು ಹಳೇ ಪೇಪರಿನವನಿಗೆ ಹಾಕುವಾಗ. ಅದು ಬೆಂಚಿನವರಿಗೆ ಗೊತ್ತಿರಲಿಲ್ಲ.

ಸಂಜೆ ಮಗಳು ಊಟದ ಮೇಜಿನ ಮೇಲೆ ಲೆಕ್ಕ ಮಾಡುತ್ತಿದ್ದಳು. ಥಂಡಿರಾಯರು ಕನ್ನಡಕ ಒರೆಸಿಕೊಂಡು ಎದುರಿಗೆ ಕೂತರು. ಏನು ಲೆಕ್ಕ ಎಂದು ಕೇಳಿದ್ದಕ್ಕೆ ಅವಳು ತಾಳ್ಮೆಯಿಂದಲೇ ವಿವರಿಸಿದಳು. ಮೀಥೇನ್ ಎಂಬ ಅನಿಲ ಆಮ್ಲಜನಕದೊಂದಿಗೆ ಸೇರಿ ಉರಿಯುತ್ತದೆ. ಕೊನೆಗೆ ಇಂಗಾಲದ ಡೈಆಕ್ಸೈಡು, ನೀರು ಉಳಿಯುತ್ತವೆ. ಪರಮಾಣುಗಳು ಒಂದನ್ನೊಂದು ಹಿಡಿದುಕೊಂಡಿರುವುದಕ್ಕೆ ಬಂಧ ಎನ್ನುತ್ತಾರೆ. ಹಳೆಯ ಬಂಧಗಳನ್ನು ಮುರಿಯಲು ಬೇಕಾದ ಶಕ್ತಿಯನ್ನು ಕೂಡಿಸಬೇಕು, ಅದರಿಂದ ಹೊಸ ಬಂಧ ಆಗುವಾಗ ಬಿಡುಗಡೆಯಾಗುವ ಶಕ್ತಿಯನ್ನು ಕಳೆಯಬೇಕು. ಮುರಿಯಲು ಎರಡು ಸಾವಿರದ ಆರುನೂರ ನಲವತ್ತೆಂಟು. ಕೂಡುವಾಗ ಬಂದದ್ದು ಮೂರು ಸಾವಿರದ ನಾನೂರ ಐವತ್ತು. ಕಳೆದರೆ ಮೈನಸ್ ಎಂಟುನೂರ ಎರಡು.

ಥಂಡಿರಾಯರು ಕುರ್ಚಿಯಿಂದ ಎದ್ದೇ ನಿಂತರು. ಮೈನಸ್ ಹದಿನೆಂಟಕ್ಕೆ ಜೀವ ತೇಯ್ದ ಮನುಷ್ಯನ ಎದುರು ಯಾರೋ ಮೈನಸ್ ಎಂಟುನೂರ ಎರಡನ್ನು ತಂದಿಟ್ಟರೆ ಅವನ ಗತಿ ಏನಾಗಬೇಡ?

ಅದು ಡಿಗ್ರಿ ಅಲ್ಲ, ಶಕ್ತಿ ಅಳೆಯುವ ಕಿಲೋಜೂಲ್ ಎಂದಳು ಮಗಳು. ಹೆಸರು ಏನಾದರೇನು, ಮುಂದಿರೋ ಗೆರೆ ನೋಡು ಎಂದರು ಅಪ್ಪ. ಮೈನಸ್ ಇನ್ನೂರ ಎಪ್ಪತ್ತಮೂರಕ್ಕಿಂತ ತಣ್ಣಗೆ ಲೋಕದಲ್ಲಿ ಯಾವುದೂ ಆಗಲ್ಲ ಎಂದಳು ಮಗಳು. ಪುಸ್ತಕ ಬರೆದವರ ಯಂತ್ರ ಹಳೇದಿರಬೇಕು ಎಂದರು ಅಪ್ಪ. ಮೈನಸ್ ಬಂದರೆ ಬಿಸಿ ಹೊರಗೆ ಬರುತ್ತೆ ಅಂತ ಅರ್ಥ, ಮೇಡಂ ಹಾಗೇ ಹೇಳಿಕೊಟ್ಟಿದಾರೆ ಎಂದಳು ಮಗಳು. ಅದಕ್ಕೇ ಜಾರಿ ಬಿದ್ದರು ಎಂದುಬಿಟ್ಟರು ಅಪ್ಪ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಜೊತೆ ವಾದ ಮಾಡಿ ಗೆದ್ದವರುಂಟೆ?

ಹುಡುಗಿ ಕೊನೆಯ ಅಸ್ತ್ರ ಬಿಟ್ಟಳು. ನಮ್ಮ ಅಡುಗೆಮನೆಗೆ ಪೈಪಿನಲ್ಲಿ ಬರುವ ಗ್ಯಾಸ್ ಇದೆಯಲ್ಲ, ಮೀಥೇನ್ ಎಂದರೆ ಅದೇ, ಅದು ದಿನಾ ಉರೀತಿಲ್ವಾ ಎಂದಳು. ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ಸುಮ್ಮನಾಗುತ್ತಿದ್ದರು. ಥಂಡಿರಾಯರು ಅಡುಗೆಮನೆಗೆ ಹೋಗಿ ಒಲೆ ಹಚ್ಚಿ, ಬಗ್ಗಿ, ಜ್ವಾಲೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಿರುಗಿ ಮಗಳ ಕಡೆ ಮರುಕದಿಂದ ನೋಡಿದರು.

"ಇದರ ಬಣ್ಣ ಯಾವುದಮ್ಮಾ? ನೀಲಿ. ನಮ್ಮಲ್ಲಿ ಬಿಸಿ ಪೈಪಿಗೆ ಕೆಂಪು ಬಳೀತಾರೆ, ತಣ್ಣನೆ ಪೈಪಿಗೆ ನೀಲಿ. ಸರ್ಕಾರದ ರೂಲು ಅದು."

ಒಲೆಯ ಮುಂದಿದ್ದ ಹೆಂಡತಿ, ಹಾಗಾದರೆ ನಿನ್ನೆ ನನ್ನ ಕೈ ಸುಟ್ಟದ್ದು ಯಾತರಿಂದ ಎಂದು ಕೇಳಿದರು. ಲೈಟರಿನ ಬಿಸಿಯಿಂದ ಎಂದು ಉತ್ತರ ತಯಾರಿತ್ತು. ಬಿಸಿಯೆಲ್ಲ ಲೈಟರಿನದು, ಗ್ಯಾಸು ತಣ್ಣಗಾಗಲು ಒಳಗಿಂದ ಒದ್ದಾಡುತ್ತಿದೆ, ಅದಕ್ಕೇ ಹಾಲು ಉಕ್ಕಲು ಅಷ್ಟು ಹೊತ್ತು. ಇನ್ನೊಂದು ಸಾಕ್ಷಿಯನ್ನೂ ಅವರು ಕೊಟ್ಟರು. ಕೊನೆಗೆ ಉಳಿಯುವುದೇನು? ಇಂಗಾಲದ ಡೈಆಕ್ಸೈಡು, ನೀರು. ಅವೆರಡನ್ನು ಒಂದು ಬಾಟಲಿಗೆ ತುಂಬಿದರೆ ಏನಾಗುತ್ತೆ? ಸೋಡಾ. ಬಿಸಿ ಸೋಡಾವನ್ನು ಯಾರಾದರೂ ಕುಡಿದದ್ದುಂಟೆ?

ಹೆಂಡತಿ ಒಲೆ ಆರಿಸಿ ತಟ್ಟೆ ಹಾಕಿದರು. ಹೀಗೆ ಪಾಠ ಮುಗಿಯಿತು.

ಮರುದಿನ ಬೆಳಿಗ್ಗೆ ಹುಡುಗಿ ಹತ್ತು ಲೆಕ್ಕ ಮಾಡಿದಳು. ಉತ್ತರ ಸರಿಯಾಗೇ ಬರುತ್ತಿತ್ತು. ಆದರೆ ಪಕ್ಕದಲ್ಲಿ ಬಿಸಿಯೋ ತಂಪೋ ಎಂದು ಬರೆಯುವ ಹೊತ್ತಿಗೆ ಅಪ್ಪನ ನೀಲಿ ಪೈಪು ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು. ಬಿಸಿ ಎಂದು ಬರೆದಳು, ಹೊಡೆದಳು, ತಂಪು ಎಂದಳು, ಅದನ್ನೂ ಹೊಡೆದಳು. ಫೋಟೊ ತೆಗೆದು ಮೇಡಂಗೆ ಕಳಿಸಿದರೆ, ಹಾಸಿಗೆಯಲ್ಲಿ ಕಾಲು ಮೇಲೆ ಕಟ್ಟಿಸಿಕೊಂಡು ಮಲಗಿದ್ದ ಮೇಡಂ, ಇದನ್ನು ನಿನಗೆ ಯಾರು ಹೇಳಿಕೊಟ್ಟರು, ಅವರನ್ನು ಒಂದು ಸಲ ನೋಡಬೇಕು ಎಂದು ಉತ್ತರ ಬರೆದರು. ಹುಡುಗಿ ಅಮ್ಮನ ಸೆರಗು ಹಿಡಿದು ಅತ್ತಳು. ಗೊತ್ತಿದ್ದದ್ದೂ ಮರೆತುಹೋಗ್ತಿದೆ ಅಮ್ಮಾ, ನಾನು ಸ್ಟೂಲಿನ ಮೇಲೇ ಕೂರೋದು ಎಂದಳು. ಅಮ್ಮ ಅವಳ ತಲೆ ನೇವರಿಸಿ ಗಂಡ ಇದ್ದ ದಿಕ್ಕಿಗೆ ಒಂದು ನೋಟ ಬೀರಿದರು. ಆ ನೋಟ ಗೋಡೆಗೆ ತಾಗಿತು, ಏಕೆಂದರೆ ಥಂಡಿರಾಯರು ಅಷ್ಟರಲ್ಲಿ ಕೆಳಗೆ ಕ್ಷೌರದಂಗಡಿಗೆ ಹೋಗಿಯಾಗಿತ್ತು.

ಅಲ್ಲಿ ಅವರು ಹೇಳಿದ್ದು ಇಷ್ಟೇ: ನಮ್ಮ ಪೈಪಿನ ಗ್ಯಾಸಿನಲ್ಲಿ ಮೈನಸ್ ಎಂಟುನೂರ ಎರಡು ಅಡಗಿದೆ, ಲೈಟರಿನ ಬಿಸಿ ಅದನ್ನು ಹೇಗೋ ತಡೆದುಕೊಂಡಿದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಬೇರೆ ಯಾರೋ ಹೇಳಿದ್ದರೆ ನಕ್ಕುಬಿಡುತ್ತಿದ್ದರು, ಹೇಳಿದ್ದು ಕೋಲ್ಡ್ ಸ್ಟೋರೇಜಿನ ಸೂಪರ್‌ವೈಸರ್. ಕ್ಷೌರಿಕ ಮುಂದಿನ ಗಿರಾಕಿಗೆ, ಲೈಟರು ಕೈಕೊಟ್ಟ ದಿನ ಒಲೆ ಹೆಪ್ಪುಗಟ್ಟುತ್ತದಂತೆ ಎಂದ. ಅದರ ಮುಂದಿನವನ ಗಡ್ಡ ಮುಗಿಯುವ ಹೊತ್ತಿಗೆ ಇಡೀ ಅಡುಗೆಮನೆ ಹೆಪ್ಪುಗಟ್ಟಿತ್ತು. ನಿವಾಸಿಗಳ ಸಂಘದ ಕಾರ್ಯದರ್ಶಿ ತಲೆಗೂದಲು ಕತ್ತರಿಸಿಕೊಂಡು ಎದ್ದಾಗ ಕಟ್ಟಡವೇ ಮಂಜುಗಡ್ಡೆಯಾಗಿತ್ತು.

ಈ ಕಾರ್ಯದರ್ಶಿ ಎರಡು ವರ್ಷದಿಂದ ಲಿಫ್ಟು ರಿಪೇರಿ ಮಾಡಿಸದಿದ್ದರೂ ನೋಟೀಸು ಅಂಟಿಸುವುದರಲ್ಲಿ ಎತ್ತಿದ ಕೈ. ಮಧ್ಯಾಹ್ನದೊಳಗೆ ನೋಟೀಸು ಬಿತ್ತು: ಗ್ಯಾಸ್ ಬಳಸುವವರು ಬೆಚ್ಚಗಿನ ಉಡುಪು ಧರಿಸತಕ್ಕದ್ದು. ಸುಡುಬಿಸಿಲಿನಲ್ಲಿ ಹೆಂಗಸರು ಸ್ವೆಟರು ತೊಟ್ಟು ಸಾರು ಕುದಿಸಿದರು. ಮೆಟ್ಟಿಲ ಪಕ್ಕದ ಗ್ಯಾಸ್ ಪೈಪಿಗೆ ಯಾರೋ ಕಂಬಳಿ ಸುತ್ತಿದರು, ಇನ್ನಾರೋ ಕಂಬಳಿಯ ಮೇಲೆ ಮಫ್ಲರು ಕಟ್ಟಿದರು. ಮೊದಲ ಮಹಡಿಯ ಮುದುಕರು ಮಾತ್ರ ಇದರಲ್ಲೂ ಲಾಭ ಕಂಡು, ಹಚ್ಚದ ಒಲೆಯ ಮೇಲೆ ಐಸ್‌ಕ್ರೀಮು ಇಟ್ಟು ಮಲಗಿದರು. ಎದ್ದು ನೋಡಿದರೆ ಅದು ಪಾಯಸವಾಗಿತ್ತು. ಅವರ ಹೆಂಡತಿ ಅದರ ಮೇಲೊಂದು ಜಗಳ ತೆಗೆದರು. ಆ ದಂಪತಿಗಳು ಮದುವೆಯಾದಾಗಿನಿಂದ ಜಗಳವಿಲ್ಲದೆ ಊಟ ಮಾಡಿದವರಲ್ಲ, ಹಾಗಾಗಿ ಯಾರೂ ಅದನ್ನು ಗಮನಿಸಲಿಲ್ಲ.

ಕಾರ್ಯದರ್ಶಿಯ ಫೋನಿಗೆ ಓಗೊಟ್ಟು ಭಾನುವಾರ ಗ್ಯಾಸ್ ಕಂಪನಿಯ ಅಧಿಕಾರಿ ಬಂದ. ಕಂಬಳಿ ಹೊದ್ದ ಪೈಪನ್ನು ನೋಡಿ, ಇದಕ್ಕೆ ಜ್ವರವೇ ಎಂದು ಕೇಳಿದ. ಸೋರಿಕೆ ಇದೆಯೇ ಎಂದರೆ ಇಲ್ಲ. ಒತ್ತಡ ಕಡಿಮೆಯೇ ಎಂದರೆ ಇಲ್ಲ. ಮತ್ತೇನು ದೂರು ಎಂದರೆ, ಗ್ಯಾಸು ತಂಪು ಎಂದು ಎಲ್ಲರೂ ಒಂದೇ ಕೊರಳಿನಿಂದ ಹೇಳಿದರು. ಅಧಿಕಾರಿ ಮೂವತ್ತು ವರ್ಷದಲ್ಲಿ ಈ ದೂರು ಕೇಳಿರಲಿಲ್ಲ. ಯಾರು ಹೇಳಿದ್ದು ಎಂದ. ಥಂಡಿರಾಯರನ್ನು ಮುಂದೆ ತಳ್ಳಿದರು. ಉದ್ಯೋಗ ಕೇಳಿದ. ಹೇಳಿದರು. ಅಧಿಕಾರಿಯ ಮುಖ ಸ್ವಲ್ಪ ಇಳಿಯಿತು. ತಂಪಿನ ವಿಷಯದಲ್ಲಿ ತಂಪಿನವರ ಮಾತನ್ನು ತಳ್ಳಿಹಾಕಿ, ನಾಳೆ ಏನಾದರೂ ಆದರೆ ಕುತ್ತಿಗೆಗೆ ಬರುವುದು ಯಾರದು? ಅವನೂ ಕೆಮಿಸ್ಟ್ರಿ ಬಿಟ್ಟು ಯುಗವಾಗಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಯೋಚಿಸಿ, ಮುಖ್ಯ ಕವಾಟವನ್ನು ತಿರುಗಿಸಿ ಇಡೀ ಕಟ್ಟಡದ ಗ್ಯಾಸು ನಿಲ್ಲಿಸಿದ. ತಜ್ಞರು ವಾರ ಬಿಟ್ಟು ಬರುತ್ತಾರೆ, ಇಲ್ಲವೇ ದೂರಿತ್ತವರು ಎಲ್ಲರೆದುರು ಗ್ಯಾಸು ಬಿಸಿ ಎಂದು ಒಪ್ಪಿದರೆ ಈಗಲೇ ಬಿಡುತ್ತೇನೆ ಎಂದ.

ಜನರ ಭಕ್ತಿ ಎಷ್ಟು ಹೊತ್ತಿನದು ಎಂಬುದು ಆಗ ತಿಳಿಯಿತು. ಅರ್ಧ ಬೆಂದ ಅನ್ನ ಒಲೆಯ ಮೇಲಿದ್ದವರು ಸೌಟು ಹಿಡಿದೇ ಮೆಟ್ಟಿಲಿಗೆ ಬಂದರು. ಬಿಸಿ ಅಂದುಬಿಡಿ ರಾಯರೇ, ನಿಮ್ಮ ಗಂಟೇನು ಹೋಗುತ್ತೆ ಎಂದು ಕ್ಷೌರಿಕನೇ ಗೋಗರೆದ. ಥಂಡಿರಾಯರು ಕೈ ಕಟ್ಟಿ ನಿಂತರು. ಇಪ್ಪತ್ತೆರಡು ವರ್ಷ ಮೈನಸ್ಸಿನ ಜೊತೆ ಸಂಸಾರ ಮಾಡಿದವನು, ಅನ್ನ ಬೇಯಲಿಲ್ಲ ಎಂದು ಅದಕ್ಕೆ ದ್ರೋಹ ಮಾಡಲಾರೆ ಎಂದರು. ಅದೇ ಹೊತ್ತಿಗೆ ಅವರ ಅಕ್ಕ ಕಾಫಿಗೆಂದು ಬಂದವರು, ಕಾಫಿ ಇಲ್ಲ ಎಂದು ತಿಳಿದು, ತಮ್ಮನ ಮೇಲೆ ಕಿಡಿಕಾರತೊಡಗಿದರು.

ಆಗ ಮೇಲಿನಿಂದ ಮಗಳು ಇಳಿದು ಬಂದಳು. ಕಣ್ಣು ಊದಿತ್ತು. ನಾಳೆ ಬೆಳಗಾದರೆ ಪರೀಕ್ಷೆ, ತಲೆಯೊಳಗೆ ಬಿಸಿಯೂ ತಂಪೂ ಕಲಸುಮೇಲೋಗರ, ಕೆಳಗೆ ಸಂತೆ. ಅವಳಿಗೆ ಸಿಟ್ಟು ನೆತ್ತಿಗೇರಿತ್ತು. ಈ ಗದ್ದಲ ನಿಲ್ಲದೆ ತನಗೆ ಓದಿಲ್ಲ, ಇದನ್ನು ನಿಲ್ಲಿಸಬೇಕಾದರೆ ಅಪ್ಪನಿಗೆ ಅರ್ಥವಾಗಬೇಕು, ಅಪ್ಪನಿಗೆ ಅರ್ಥವಾಗುವಂತೆ ಹೇಳಬೇಕಾದರೆ ಮೊದಲು ತನಗೆ ಅರ್ಥವಾಗಬೇಕು. ಬೆರಳು ಮಡಿಸಿ ಬಂಧಗಳನ್ನು ಎಣಿಸಿದಳು, ಎದುರಿಗಿದ್ದ ಜನರನ್ನೂ ಎಣಿಸಿದಳು. ಆಮೇಲೆ ಕೇಳಿದವರು ಬೆಚ್ಚುವಂತೆ ಆಜ್ಞೆ ಮಾಡಿದಳು.

"ಅಪ್ಪಾ, ನೀವು ಇಂಗಾಲ. ಮಧ್ಯಕ್ಕೆ ಬನ್ನಿ."

ಇಂಗಾಲಕ್ಕೆ ನಾಲ್ಕು ಜಲಜನಕ ಬೇಕು. ಹೆಂಡತಿ ಒಂದು ಕೈ ಹಿಡಿದರು, ಕಾರ್ಯದರ್ಶಿ ಇನ್ನೊಂದು. ಇಂಗಾಲಕ್ಕೆ ನಾಲ್ಕು ಕೈ, ಥಂಡಿರಾಯರಿಗೆ ಎರಡೇ. ಕ್ಷೌರಿಕ ಅಭ್ಯಾಸಬಲದಿಂದ ತಲೆ ಹಿಡಿದ. ಅಕ್ಕ, ಚಿಕ್ಕಂದಿನಿಂದ ಪಳಗಿದ ಜಾಗವೆಂದು, ಕಿವಿ ಹಿಡಿದರು. ಇದು ಮೀಥೇನ್. ಆಮ್ಲಜನಕ ಯಾವಾಗಲೂ ಜೋಡಿ, ಎರಡೂ ಕೈ ಹಿಡಿದುಕೊಂಡಿರುತ್ತದೆ. ಮೊದಲ ಮಹಡಿಯ ಮುದುಕ ಮುದುಕಿ ಒಂದು ಜೋಡಿ, ಎರಡನೇ ಮಹಡಿಯ ಅವಳಿ ಅಕ್ಕತಂಗಿಯರು ಇನ್ನೊಂದು. ಅಧಿಕಾರಿ ಪ್ರೇಕ್ಷಕ.

ಈಗ ಎಲ್ಲರನ್ನೂ ಬಿಡಿಸಬೇಕು ಎಂದು ಹುಡುಗಿ ಒಬ್ಬೊಬ್ಬರನ್ನೇ ಎಳೆಯತೊಡಗಿದಳು. ಕಾರ್ಯದರ್ಶಿ ತಾನಾಗಿ ಬಿಟ್ಟ, ಅವನಿಗೆ ಯಾವ ಕೆಲಸವನ್ನೂ ಬಿಟ್ಟು ಅಭ್ಯಾಸ. ಹಾಗೆ ಬಿಡುವಂತಿಲ್ಲ, ಗಟ್ಟಿಯಾಗಿ ಹಿಡಿಯಿರಿ ಎಂದು ಬೈದು ಮತ್ತೆ ಹಿಡಿಸಿ ಎಳೆದಳು. ಅಕ್ಕನಿಂದ ಕಿವಿ ಬಿಡಿಸಲು ಅಧಿಕಾರಿಯೂ ಕೈ ಹಾಕಬೇಕಾಯಿತು. ಆಶ್ಚರ್ಯವೆಂದರೆ ಮುದುಕ ಮುದುಕಿಯದು. ಬೆಳಿಗ್ಗೆ ತಾನೇ ಐಸ್‌ಕ್ರೀಮಿನ ಮೇಲೆ ಒಬ್ಬರ ಮುಖ ಒಬ್ಬರು ನೋಡದೆ ಇದ್ದವರು, ಈಗ ಎಳೆದರೂ ಕೈ ಬಿಡಲೊಲ್ಲರು. ಮೂರು ಜನ ಸೇರಿ ಏದುಸಿರು ಬಿಟ್ಟ ಮೇಲೆ ಅವರು ಬೇರೆಯಾದರು.

"ನೋಡಿದ್ರಾ, ಬಂಧ ಮುರಿಯೋಕೆ ನಾವು ಶಕ್ತಿ ಹಾಕಬೇಕು. ಲೈಟರಿನ ಕೆಲಸ ಇಷ್ಟೇ, ಮೊದಲ ಸಲ ಎಳೆಯೋದು. ಈಗ ಹೊಸದಾಗಿ ಸೇರಿ, ಆಗ ಶಕ್ತಿ ವಾಪಸ್ ಬರುತ್ತೆ."

ಮುದುಕ ಒಂದು ಕಡೆ, ಮುದುಕಿ ಇನ್ನೊಂದು ಕಡೆ ಥಂಡಿರಾಯರನ್ನು ಎರಡೆರಡು ಕೈಯಿಂದ ಅವಚಿ ಹಿಡಿದರು. ಅದು ಇಂಗಾಲದ ಡೈಆಕ್ಸೈಡು. ಅವಳಿಗಳಲ್ಲಿ ಒಬ್ಬಳು ಥಂಡಿರಾಯರ ಅಕ್ಕನನ್ನೂ ಕ್ಷೌರಿಕನನ್ನೂ ಹಿಡಿದಳು, ಇನ್ನೊಬ್ಬಳು ಉಳಿದಿಬ್ಬರನ್ನು. ಅದು ನೀರು. ಇಕ್ಕಟ್ಟಿನ ಮೆಟ್ಟಿಲ ಕೋಣೆಯಲ್ಲಿ ಎಲ್ಲರೂ ಧಬಧಬನೆ ಒಬ್ಬರಿಗೊಬ್ಬರು ಅಂಟಿಕೊಂಡರು, ಅದೂ ಸ್ವೆಟರಿನಲ್ಲಿ. ಅಧಿಕಾರಿ ಕರ್ಚೀಫು ತೆಗೆದು ಹಣೆ ಒರೆಸಿಕೊಂಡು, ಬಿಸಿಯಪ್ಪಾ ಬಿಸಿ ಎಂದ. ವಿಜ್ಞಾನಿಗಳು ಇದನ್ನು ಸಾಕ್ಷಿ ಎಂದು ಒಪ್ಪಲಿಕ್ಕಿಲ್ಲ. ಒಪ್ಪದವರು ಆ ಮೆಟ್ಟಿಲ ಕೋಣೆಗೆ ಸ್ವೆಟರು ಹಾಕಿಕೊಂಡು ಬರಲಿ.

ಮುರಿಯಲು ಹಾಕಿದ್ದಕ್ಕಿಂತ ಕೂಡುವಾಗ ಬಂದದ್ದು ಹೆಚ್ಚು, ಆ ಹೆಚ್ಚಿನದೇ ಎಂಟುನೂರ ಎರಡು ಎಂದಳು ಮಗಳು. ಇಬ್ಬರು ಮುದುಕರ ನಡುವೆ ಸಿಕ್ಕಿಕೊಂಡಿದ್ದ ಥಂಡಿರಾಯರು ಆಗಲೂ ಸೋಲಲಿಲ್ಲ. ಹಾಗಾದರೆ ಮೈನಸ್ ಯಾಕೆ ಎಂದು ಕ್ಷೀಣ ಸ್ವರದಲ್ಲಿ ಕೇಳಿದರು. ಅದು ಒಳ್ಳೆಯ ಪ್ರಶ್ನೆಯೇ. ಅವರ ಬಾಯಿಂದ ಆ ವಾರ ಬಂದ ಒಂದೇ ಒಳ್ಳೆಯ ಪ್ರಶ್ನೆ.

ಮಗಳು ಅವರ ಹತ್ತಿರ ಹೋಗಿ ಮೆತ್ತಗೆ ಕೇಳಿದಳು, ಕೋಲ್ಡ್ ಸ್ಟೋರೇಜಿನ ಹಿಂದುಗಡೆ ಯಂತ್ರದ ಬಾಯಲ್ಲಿ ಎಂಥ ಗಾಳಿ ಬರುತ್ತೆ ಅಪ್ಪಾ ಎಂದು. ಬಿಸಿಗಾಳಿ, ಡ್ರೈವರುಗಳು ಒದ್ದೆ ಬಟ್ಟೆ ಒಣಗಿಸೋದೇ ಅಲ್ಲಿ ಎಂದರು ಅಪ್ಪ. ಆ ಬಿಸಿ ಎಲ್ಲಿಯದು? ಒಳಗಿನ ಮೀನು ಬಟಾಣಿಯಿಂದ ತೆಗೆದದ್ದು.

"ಒಳಗಿರೋ ಮೀನಿನ ಲೆಕ್ಕದಲ್ಲಿ ಅದು ಹೋದದ್ದು, ಹೊರಗಿರೋ ಡ್ರೈವರಿಗೆ ಬಂದದ್ದು. ಪುಸ್ತಕದವರು ಯಾವಾಗಲೂ ಒಳಗಿನವರ ಲೆಕ್ಕ ಬರೀತಾರಪ್ಪಾ. ಅಣುಗಳಿಂದ ಹೋಯ್ತು, ಅದಕ್ಕೆ ಮೈನಸ್. ಹೋದದ್ದು ಅಮ್ಮನ ಪಾತ್ರೆಗೆ ಬಂತು."

ಮೆಟ್ಟಿಲ ತುಂಬ ಜನ ಸೌಟು ಹಿಡಿದು ಕಾದಿದ್ದರು. ಥಂಡಿರಾಯರಿಗೆ ನಾಚಿಕೆಯೂ ಆಯಿತು, ಸಂಕಟವೂ ಆಯಿತು. ಮಗಳ ಊದಿದ ಕಣ್ಣುಗಳನ್ನು ಆಗ ನೋಡಿದರು. ಒಂದು ಜಂಬದ ಮಾತಿಗಾಗಿ ಹುಡುಗಿಯ ಬದುಕನ್ನೇ ಸ್ಟೂಲಿನ ಮೇಲೆ ಕೂರಿಸಲು ಹೊರಟಿದ್ದೆನಲ್ಲ ಎಂದು ಅನ್ನಿಸಿತು.

"ಗ್ಯಾಸು ಬಿಸಿ. ನನಗೆ ಗೊತ್ತಿರಲಿಲ್ಲ," ಎಂದರು.

ಎರಡನೆಯ ಮಾತನ್ನು ಅಧಿಕಾರಿ ಬೇಡಿರಲಿಲ್ಲ, ಥಂಡಿರಾಯರೇ ತಾವಾಗಿ ಕೊಟ್ಟದ್ದು. ಅಧಿಕಾರಿ ಕವಾಟ ತಿರುಗಿಸಿದ, ಜನ ಒಲೆಗಳ ಕಡೆ ಓಡಿದರು. ಮುದುಕ ಮುದುಕಿ ಮಾತ್ರ ಸ್ವಲ್ಪ ಹೊತ್ತು ಅಲ್ಲೇ ಕೈ ಹಿಡಿದು ನಿಂತಿದ್ದು, ಯಾರೋ ನೋಡಿದರೆಂದು ಜಗಳ ಆಡುತ್ತ ಒಳಗೆ ಹೋದರು.

ಸೋಮವಾರ ಪರೀಕ್ಷೆ ಆಯಿತು. ಫಲಿತಾಂಶ ಬರುವ ತನಕ ಥಂಡಿರಾಯರು ಕ್ಷೌರದಂಗಡಿಯ ಕಡೆ ತಲೆ ಹಾಕಲಿಲ್ಲ. ಮೀಟರು ತಪ್ಪು ತೋರಿಸಿದ ದಿನವೂ ಯಾರನ್ನೂ ಬೈಯಲಿಲ್ಲವಂತೆ. ಫಲಿತಾಂಶದ ದಿನ ಮಗಳು ಪಾಸಾದಳು. ಬರಿಯ ಪಾಸಲ್ಲ, ಶಕ್ತಿಯ ಲೆಕ್ಕಗಳಲ್ಲಿ ಒಂದು ಅಂಕವೂ ಹೋಗಿರಲಿಲ್ಲ. ಮೇಡಂ ಆಸ್ಪತ್ರೆಯಿಂದಲೇ ಫೋನು ಮಾಡಿ, ಅಷ್ಟು ಗೊಂದಲದಲ್ಲಿದ್ದವಳು ಇದನ್ನು ಹೇಗೆ ಸಾಧಿಸಿದೆ ಎಂದು ಕೇಳಿದರು. ಅವಳು ನಿಜವನ್ನೇ ಹೇಳಿದಳು. ಬಿಸಿಯೋ ತಂಪೋ ಎಂದು ಅನುಮಾನ ಬಂದಾಗಲೆಲ್ಲ, ಅಪ್ಪನನ್ನು ಕೇಳಿದರೆ ಏನು ಹೇಳುತ್ತಿದ್ದರು ಎಂದು ಯೋಚಿಸಿದೆ, ಅದರ ಉಲ್ಟಾ ಬರೆದೆ ಎಂದಳು.

ಪಕ್ಕದಲ್ಲೇ ಕೂತಿದ್ದ ಥಂಡಿರಾಯರು ಇದನ್ನು ಕೇಳಿಸಿಕೊಂಡರು. ಅವರ ಮುಖ ಅರಳಿತು. ಎದ್ದು ಚಪ್ಪಲಿ ಮೆಟ್ಟಿ, ಲಿಫ್ಟಿಲ್ಲದ ಆ ಮೆಟ್ಟಿಲನ್ನು ಎರಡೆರಡಾಗಿ ಇಳಿದು, ನೇರ ಕ್ಷೌರದಂಗಡಿಗೆ ನುಗ್ಗಿದರು.

"ಪಾಸಾದಳು ಕಣಯ್ಯಾ. ಪರೀಕ್ಷೆ ಬರೆಯೋವಾಗ ಪೂರ್ತಿ ನನ್ನನ್ನೇ ನೆನೆಸಿಕೊಂಡಿದ್ದಳಂತೆ."